ಅವಳ ಮಾತು ಸಂತೆಗೆ, ಅವಳು ಮನೆಗೆ

ನಮ್ಮ ಮನೆಯಲ್ಲಿ ಅಜ್ಜಿಗೆ ಅವತ್ತು ಯಾರ ಮೇಲೆ ಸಿಟ್ಟಿದೆ ಎಂಬುದು ಮುದ್ದೆಯ ಗಾತ್ರದಲ್ಲಿ ತಿಳಿಯುತ್ತಿತ್ತು. ಹಿಟ್ಟು ತಿರುವುತ್ತಿದ್ದವಳು ಅವ್ವ. ಮುದ್ದೆ ಕಟ್ಟಿ ತಟ್ಟೆಗೆ ಇಡುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಅಪ್ಪನಿಗೆ ಯಾವಾಗಲೂ ದೊಡ್ಡದು. ಚಿಕ್ಕಪ್ಪನಿಗೆ ಹೊಲದಲ್ಲಿ ಮಾಡಿದ ಕೆಲಸಕ್ಕೆ ತಕ್ಕಷ್ಟು. ಹೆಂಗಸರ ಮುದ್ದೆಗಳು ಮಾತ್ರ ಜಗಳದ ಪ್ರಕಾರ ಹಿಗ್ಗುತ್ತ ಕುಗ್ಗುತ್ತ ಇರುತ್ತಿದ್ದವು. ಚಿಕ್ಕ ಮುದ್ದೆ ಬಂದವರು ಯಾಕೆ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಮಾರನೆಯ ದಿನ ಅದು ಇನ್ನೂ ಚಿಕ್ಕದಾಗುತ್ತಿತ್ತು. ಬಾಲ್ಯದ ಮನೆಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರ ಬರಹಗಳನ್ನು ಓದಿದಾಗ ನನಗೆ ಹೊಟ್ಟೆ ಉರಿಯುತ್ತದೆ. ನನ್ನ ಮನೆ ಅಂಥದ್ದಲ್ಲ. ಕೂಟಗಲ್ ಹೋಬಳಿಯ ಒಂದು ಹಳ್ಳಿಯಲ್ಲಿ ಉದ್ದನೆಯ ಹೆಂಚಿನ ಮನೆ. ಮುಂದಿನ ಜಗುಲಿ ಗಂಡಸರದು. ನಡುಮನೆ ಅಜ್ಜಿಯದು, ಅಲ್ಲಿ ಅವಳ ಮರದ ಪೆಟ್ಟಿಗೆ, ಅದರ ಬೀಗದ ಕೈ ಅವಳ ಸೊಂಟದಲ್ಲಿ. ಹಿಂದೆ ಹೊಗೆ ತುಂಬಿದ ಅಡುಗೆಮನೆ ಹೆಂಗಸರದು. ಪಕ್ಕಕ್ಕೆ ಹುಳದ ಮನೆ, ಅಂದರೆ ರೇಷ್ಮೆ ಹುಳ ಸಾಕುವ ಕೋಣೆ. ಇಡೀ ಮನೆಯಲ್ಲಿ ಒಳ್ಳೆಯ ಗಾಳಿ, ಒಳ್ಳೆಯ ಕಿಟಕಿ ಇದ್ದದ್ದು ಹುಳಗಳಿಗೆ. ನಾನು ಓದುತ್ತಿದ್ದದ್ದು ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು. ಆ ಮನೆಯಿಂದ ಪದವಿ ಪಡೆದ ಮೊದಲ ಜೀವ ನಾನು. ಇದನ್ನು ಸಂಕೋಚಪಟ್ಟುಕೊಂಡು ಬರೆಯುವುದಿಲ್ಲ. ಅದನ್ನು ನನಗೆ ಯಾರೂ ಕೊಡಲಿಲ್ಲ, ನಾನು ಕಿತ್ತುಕೊಂಡೆ. ಕಿತ್ತುಕೊಂಡ ಬಗೆ ಹೇಳಬೇಕಾದರೆ ಚಿಕ್ಕಮ್ಮನಿಂದ ಶುರು ಮಾಡಬೇಕು.

ಚಿಕ್ಕಪ್ಪನಿಗೆ ಮದುವೆಯ ವಯಸ್ಸು ದಾಟಿ ಹೋಗಿತ್ತು. ಓದಿದ ಹುಡುಗಿಯರು ಹೊಲ ಮಾಡುವವನನ್ನು ಒಪ್ಪುತ್ತಿರಲಿಲ್ಲ, ಓದದ ಹುಡುಗಿಯರ ಅಪ್ಪಂದಿರೂ ಒಪ್ಪುತ್ತಿರಲಿಲ್ಲ. ಕೊನೆಗೆ ಕನಕಪುರದ ಕಡೆಯ ಪರಿಚಯಸ್ಥನೊಬ್ಬ ಬಂಗಾಳದಿಂದ ಒಂದು ಹೆಣ್ಣು ತೋರಿಸಿದ. ಅಲ್ಲೇ ಯಾವುದೋ ದೇವಸ್ಥಾನದಲ್ಲಿ ತಾಳಿ ಕಟ್ಟಿ, ಎರಡು ರಾತ್ರಿ ರೈಲಿನಲ್ಲಿ ಕರೆದುಕೊಂಡು ಬಂದರು. ಅವಳ ಹೆಸರು ಶೆಫಾಲಿ. ಅದು ಬಾಯಿಗೆ ಬರುವುದಿಲ್ಲ ಎಂದು ಅಜ್ಜಿ ಹೊಸಿಲಲ್ಲೇ ಅವಳಿಗೆ ಲಕ್ಷ್ಮಿ ಎಂದು ಹೆಸರಿಟ್ಟಳು. ಹೆಸರಿಟ್ಟು, ಆರತಿ ಎತ್ತಿ, ಒಳಗೆ ಕರೆದುಕೊಂಡು, ಅವಳು ಬಿಟ್ಟಿದ್ದ ಚಪ್ಪಲಿಯನ್ನು ತೆಗೆದು ತನ್ನ ಮರದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು. ಪಕ್ಕದ ಊರಿನಲ್ಲಿ ಹೀಗೆ ದೂರದಿಂದ ತಂದ ಸೊಸೆಯೊಬ್ಬಳು ಆರು ತಿಂಗಳಿಗೆ ಹೊರಟು ಹೋಗಿದ್ದಳಂತೆ. ಚಪ್ಪಲಿ ಇಲ್ಲದಿದ್ದರೆ ಹೆಣ್ಣು ದೂರ ಹೋಗುವುದಿಲ್ಲ ಎಂದು ನಮ್ಮ ಮನೆಯವರ ಲೆಕ್ಕ. ಬರಿಗಾಲಲ್ಲೇ ಹೊಲ, ಬೆಟ್ಟ, ಮುಳ್ಳು ತುಳಿದು ಮುದುಕಿಯಾದ ಅಜ್ಜಿಗೆ ಈ ಲೆಕ್ಕ ಹೇಗೆ ಹೊಳೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೆರೆ ಏರಿ ದಾಟಿ ಹೋಗಬಾರದು, ಬಸ್ ನಿಲ್ಲುವ ಕಡೆ ನೋಡಬಾರದು, ಫೋನು ಚಿಕ್ಕಪ್ಪನ ಎದುರಿಗೇ ಮಾಡಬೇಕು. ಅವಳೊಡನೆ ಮನೆಯಲ್ಲಿ ಯಾರೂ ಕೂತು ಮಾತಾಡುತ್ತಿರಲಿಲ್ಲ. ಅವಳ ಕಿವಿಗೆ ಬೀಳುತ್ತಿದ್ದ ಕನ್ನಡವೆಲ್ಲ ಅಜ್ಜಿ ಬೈಯುತ್ತಿದ್ದ ಕನ್ನಡ. ಹೀಗಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಅವಳು ನಮ್ಮ ಊರಿನ ಹೆಂಗಸರಷ್ಟೇ ಚೆನ್ನಾಗಿ ಬೈಯುವುದನ್ನು ಕಲಿತಿದ್ದಳು. ನೀರು ಬೇಕು, ಹಸಿವಾಗಿದೆ ಎನ್ನುವುದಕ್ಕೆ ತಡವರಿಸುತ್ತಿದ್ದವಳು ಕೋಳಿಯನ್ನು ಓಡಿಸುವಾಗ ಅಜ್ಜಿಯ ದನಿಯಲ್ಲೇ ಶಾಪ ಹಾಕುತ್ತಿದ್ದಳು.

ಅವಳು ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ಹಿತ್ತಲಲ್ಲಿ ಕುಂಬಳದ ಬಳ್ಳಿಯ ಎಳೆ ಕುಡಿಗಳನ್ನು ಮಡಿಲು ತುಂಬ ಚಿವುಟಿಕೊಂಡು ಬಂದಳು. ನಮ್ಮಲ್ಲಿ ಬಸುರಿ ಹೆಂಗಸು ಬಳ್ಳಿಯ ಕುಡಿ ಮುಟ್ಟುವುದಿಲ್ಲ. ಮುಟ್ಟಿದರೆ ಹೊಟ್ಟೆಯಲ್ಲಿರುವುದು ನಿಲ್ಲುವುದಿಲ್ಲ ಎಂದು ನಂಬಿಕೆ. ಅಜ್ಜಿ ಅಂಗಳದ ನಡುವೆ ನಿಂತು, ಅವಳ ಮಡಿಲಿನ ಸೊಪ್ಪನ್ನೆಲ್ಲ ತಿಪ್ಪೆಗೆ ಕೊಡವಿಸಿ, ಕೇರಿಯೆಲ್ಲ ಕೇಳುವಂತೆ ಶುರು ಮಾಡಿದಳು.

"ಬಸುರಿ ಎಂಗ್ಸು ಬಳ್ಳಿ ಕುಡಿ ಚಿವುಟ್ತಾವ್ಳಲ್ಲೋ ಸಿದ್ದ. ಎಂತಾ ಶನೀನ ತಂದು ಮನೆಗ್ ಸೇರುಸ್ದೋ ನೀನು."

ಸಿದ್ದ ಎಂದರೆ ಚಿಕ್ಕಪ್ಪ. ಅವನು ಹಲ್ಲುಜ್ಜುತ್ತ ನಿಂತಿದ್ದ.

"ತಿನ್ನಾಕೆ ಕಿತ್ತವ್ಳೆ ಕಣವ್ವ. ಅವ್ರ ಕಡೆ ತಿಂತಾರಂತೆ."

"ದನ ತಿನ್ನೋದ ತಿಂತಾರಾ? ತಿನ್ಲಿ ಬುಡು. ಕೊಟ್ಟಿಗೇಲಿ ಕಟ್ಟಾಕಿ ಗೋಡೆಗೊಂದು ಗೂಟ ಒಡಿ."

ಅವತ್ತು ಚಿಕ್ಕಮ್ಮನ ತಟ್ಟೆಗೆ ನಿಂಬೆಹಣ್ಣಿನಷ್ಟು ಮುದ್ದೆ ಬಿತ್ತು. ಹೊಟ್ಟೆಯಲ್ಲಿದ್ದದ್ದು ಏನೂ ಆಗದೆ ಉಳಿಯಿತು, ಗಂಡು ಮಗುವೂ ಆಯಿತು. ಆದರೂ ಆ ಕುಡಿಯ ಮಾತನ್ನು ಅಜ್ಜಿ ಬಿಡಲಿಲ್ಲ. ಮಗು ಅತ್ತರೆ ಕುಡಿ ಚಿವುಟಿದ್ದಕ್ಕೆ, ಕೆಮ್ಮಿದರೆ ಕುಡಿ ಚಿವುಟಿದ್ದಕ್ಕೆ. ಮಗು ತೆವಳುವ ಹೊತ್ತಿಗೆ ಒಂದು ದಿನ ಚಿಕ್ಕಪ್ಪ ತೆಂಗಿನಕಾಯಿ ಹಾಕಲು ಬಿಡದಿಗೆ ಹೋಗಿ ಬಂದವನು ಜಗುಲಿಯ ಮೇಲೆ ಕೂತು, ನೀರು ಕುಡಿದು, ಯಾರ ಮುಖವನ್ನೂ ನೋಡದೆ ಹೇಳಿದ.

"ಬಿಡದಿ ತಾವ ಕಾರ್ಖಾನೆ ಜನ ಬಾನುವಾರದ್ ಸಂತೇಲಿ ಕುಂಬಳದ ಕುಡಿ ಕೇಳ್ತಾವ್ರೆ ಕಣವ್ವ. ಬೆಂಗಾಲಿಯೋರು. ಕಟ್ಟುಗಟ್ಲೆ ತಕ್ಕಂಡೋಯ್ತಾವ್ರೆ. ಬಾಳೆ ಊವ ಕಂಡ್ರಂತೂ ಬುಡಾದೇ ಇಲ್ಲ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ಸವರಿ, ಮಡಿಸಿ, ಬಾಯಿಗಿಟ್ಟು, ಜಗಿದು, ಆಮೇಲೆ ಕೇಳಿದಳು.

"ನಮ್ ಇತ್ತಲಲ್ಲಿ ಎಷ್ಟ್ ಬಳ್ಳಿ ಐತೆ?"

ಹೀಗೆ ನಮ್ಮ ಮನೆಗೆ ಬಿಡದಿಯ ಭಾನುವಾರದ ಸಂತೆ ಬಂತು. ಕಾರ್ಖಾನೆಗಳಿಗೆ ಹೋಗುವ ರಸ್ತೆಯ ಬದಿಯಲ್ಲಿ, ರಜೆಯ ದಿನ ಮಧ್ಯಾಹ್ನದಿಂದ ಸೇರುವ ಸಂತೆ ಅದು. ಅಪ್ಪ, ಚಿಕ್ಕಪ್ಪ ಇಬ್ಬರೂ ಟೆಂಪೋದಲ್ಲಿ ಸೊಪ್ಪು, ಬಾಳೆ ಹೂ, ಎಳೆ ಹಲಸು, ಕೆಸವಿನ ದಂಟು ತುಂಬಿಕೊಂಡು ಹೋದರು. ಮೊದಲ ವಾರ ಅರ್ಧಕ್ಕರ್ಧ ವಾಪಸ್ ಬಂತು. ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಕೊಳ್ಳುವವರಿಗೆ ಅರ್ಥವಾಗದಿದ್ದರೆ ಅದೇ ಕನ್ನಡವನ್ನು ಇನ್ನೂ ಜೋರಾಗಿ, ಕಿವುಡರಿಗೆ ಹೇಳುವಂತೆ ಹೇಳುತ್ತಿದ್ದ. ಹೆಂಗಸರು ಹೆದರಿ ಪಕ್ಕದವನ ಹತ್ತಿರ ಹೋಗುತ್ತಿದ್ದರು. ಅದರ ಮುಂದಿನ ವಾರ ರಾತ್ರಿ ಊಟದ ಹೊತ್ತಿಗೆ ಅಪ್ಪ, ಲಕ್ಷ್ಮಿಯನ್ನೇ ಕರೆದುಕೊಂಡು ಹೋಗೋಣ, ಅವಳ ಜನ ಅವಳ ಮಾತು ಎಂದ. ಅಜ್ಜಿ ಸಾರಿನ ಸೌಟನ್ನು ಕೆಳಗಿಟ್ಟಳು.

"ಅವ್ಳು ಮನೇಲಿರ್ಲಿ. ಅವ್ಳ ಬಾಯಲ್ಲಿರಾದ ಇವಳ ಬಾಯಿಗಾಕು."

ಇವಳು ಎಂದರೆ ನಾನು. ಆಗ ಒಂಬತ್ತನೆಯ ತರಗತಿ. ಶಾಲೆಯಲ್ಲಿ ಮೂರು ಭಾಷೆ ಕಲಿಯುತ್ತಿದ್ದವಳು, ನಾಲ್ಕನೆಯದು ಇವಳಿಗೆ ಏನು ಮಹಾ ಎಂದು ಅವರ ಯೋಚನೆ. ಮಾತನ್ನು ಸಂತೆಗೆ ಕಳಿಸಬೇಕು, ಮಾತಾಡುವವಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಹಸುವನ್ನು ಕಟ್ಟಿಹಾಕಿ ಹಾಲನ್ನು ಡೇರಿಗೆ ಕಳಿಸಿ ಅಭ್ಯಾಸವಿದ್ದ ಮನೆಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಪಾಠ ನಡೆಯುತ್ತಿದ್ದದ್ದು ಹಿಪ್ಪುನೇರಳೆ ತೋಟದಲ್ಲಿ. ಶಾಲೆಯಿಂದ ಬಂದ ಮೇಲೆ ಹುಳಕ್ಕೆ ಸೊಪ್ಪು ಕೊಯ್ಯಲು ನಾವಿಬ್ಬರೂ ಹೋಗುತ್ತಿದ್ದೆವು, ಮಗು ಸಾಲಿನ ನೆರಳಲ್ಲಿ ಗೋಣಿಯ ಮೇಲೆ ಕೂತು ಮಣ್ಣು ತಿನ್ನುತ್ತಿತ್ತು. ಚಿಕ್ಕಮ್ಮ ನನ್ನನ್ನು ಪ್ರೀತಿಯಿಂದ ಕೂರಿಸಿಕೊಂಡು ಕಲಿಸಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ನಾನು ಆ ಮನೆಯ ಇನ್ನೊಂದು ಬಾಯಿ ಅಷ್ಟೇ. ಮೊದಲ ದಿನ ಸೊಪ್ಪಿನ ಕಡ್ಡಿಯನ್ನು ನನ್ನ ಮುಂದೆ ಆಡಿಸಿ ಕೇಳಿದಳು.

"ನಿಮ್ ಅಜ್ಜಿ ಕಲಿ ಅಂದ್ಲಾ? ನಿನ್ ನಾಲ್ಗೆ ಸೀದೋಗ."

ಆಮೇಲೆ ಕಲಿಸಿದಳು. ಏಟಾ ಕತೊ ಕೊರೆ, ಇದು ಹೇಗೆ ಕೊಟ್ಟೆ ಎಂದು ಅವರು ಕೇಳುತ್ತಾರೆ. ಕೇಳಿದ ತಕ್ಷಣ ಬೆಲೆ ಹೇಳಬೇಡ, ಮೊದಲು ಟಾಟ್ಕಾ ಎನ್ನು, ತಾಜಾ ಎಂದು ಅರ್ಥ. ಆಜ್ ಶಕಾಲೇ ತೋಲಾ, ಇವತ್ತು ಬೆಳಿಗ್ಗೆ ಕಿತ್ತದ್ದು. ಕಡಿಮೆಗೆ ಕೇಳಿದರೆ ಕಮ್ ಹೊಬೆ ನಾ, ಆಗುವುದಿಲ್ಲ. ಚಿಲ್ಲರೆ ಕೊಡಿ ಎನ್ನಲು ಖುಚ್ರೊ ದಿನ್. ತೂಕ ಮಾಡಿ ಚೀಲಕ್ಕೆ ಹಾಕಿದ ಮೇಲೆ ಸುಮ್ಮನೆ ನಿಲ್ಲಬೇಡ, ಆರ್ ಕೀ ದೇಬೊ ಎಂದು ಕೇಳು, ಇನ್ನೇನು ಕೊಡಲಿ. ಹೊರಟವರಿಗೆ ಆಬಾರ್ ಆಶ್ಬೇನ್, ಮತ್ತೆ ಬನ್ನಿ. ಕುಂಬಳದ ಸೊಪ್ಪು ಕುಮ್ಡೊ ಶಾಕ್, ಬಾಳೆ ಹೂ ಮೋಚಾ. ಹೇಳಿಕೊಟ್ಟು, ಅವಳೇ ಗಿರಾಕಿಯಾಗಿ ಸಾಲಿನ ಆ ತುದಿಯಿಂದ ನಡೆದು ಬರುತ್ತಿದ್ದಳು. ಬಂದು, ನನ್ನ ಮುಂದಿನ ಹಿಪ್ಪುನೇರಳೆ ಸೊಪ್ಪನ್ನು ಮೂಸಿ, ಬಾಡಿದೆ ಎಂದು ಮುಖ ಸಿಂಡರಿಸಿ, ಅರ್ಧಕ್ಕೆ ಕೇಳಿ, ಕೊಡದಿದ್ದರೆ ಬೈದು, ಹೊರಟು ಹೋಗಿ ಮತ್ತೆ ತಿರುಗಿ ಬರುತ್ತಿದ್ದಳು. ನಾನು ತಪ್ಪಿದರೆ ಆಬಾರ್, ಮತ್ತೆ ಹೇಳು. ಮತ್ತೂ ತಪ್ಪಿದರೆ ಕಡ್ಡಿಯಿಂದ ಮಂಡಿಗೆ ಒಂದೇಟು. ಅಜ್ಜಿಗೆ ಕೊಡಲಾಗದ ಏಟು ನನಗೆ ಬೀಳುತ್ತಿತ್ತು, ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಅಳಲಿಲ್ಲ. ಶಾಲೆಯಲ್ಲಿ ಮೊದಲನೆಯ ಸ್ಥಾನ ಬಿಟ್ಟುಕೊಡದವಳು ಇವಳ ಮುಂದೆ ಸೋಲುವುದೇ ಎಂದು ಹಟಕ್ಕೆ ಕಲಿತೆ. ಸಂತೆಗೆ ಬೇಕಿಲ್ಲದ ಒಂದು ಮಾತನ್ನೂ ಅವಳು ನಡುವೆ ಸೇರಿಸಿದ್ದಳು: ಬಾಡಿ ಕೋಥಾಯ್, ನಿಮ್ಮ ಮನೆ ಎಲ್ಲಿ. ಪ್ರತಿಯೊಬ್ಬ ಗಿರಾಕಿಯನ್ನೂ ಇದನ್ನು ಕೇಳಬೇಕು, ಅವರು ಹೇಳಿದ್ದನ್ನು ನೆನಪಿಟ್ಟುಕೊಂಡು ಬಂದು ತನಗೆ ಹೇಳಬೇಕು. ಭಾನುವಾರ ರಾತ್ರಿ ಪಾತ್ರೆ ತೊಳೆಯುವಾಗ ನಾನು ಊರುಗಳ ಹೆಸರು ಹೇಳುತ್ತಿದ್ದೆ. ನದಿಯಾ, ಮಾಲ್ದಾ, ಮುರ್ಶಿದಾಬಾದ್. ಅವಳು ತಲೆ ಎತ್ತದೆ ಕೇಳಿಸಿಕೊಳ್ಳುತ್ತಿದ್ದಳು. ತನ್ನ ಕಡೆಯ ಹೆಸರು ಬಂದರೆ ತೊಳೆಯುತ್ತಿದ್ದ ತಟ್ಟೆಯನ್ನು ಮತ್ತೊಮ್ಮೆ ತೊಳೆಯುತ್ತಿದ್ದಳು.

ಸಂತೆಯಲ್ಲಿ ನಾನು ಗೆದ್ದೆ. ಲಂಗ ಜಾಕೀಟು ಹಾಕಿ, ಎಣ್ಣೆ ಹಚ್ಚಿದ ಎರಡು ಜಡೆ ಬಿಟ್ಟುಕೊಂಡ ಹಳ್ಳಿ ಹುಡುಗಿಯ ಬಾಯಿಂದ ತಮ್ಮ ಮಾತು ಬಂದಾಗ ಆ ಹೆಂಗಸರು ಮೊದಲು ಗಾಬರಿಯಾಗಿ, ಆಮೇಲೆ ನಕ್ಕು, ಒಬ್ಬರನ್ನೊಬ್ಬರು ಕರೆದು ತೋರಿಸಿ, ನನ್ನ ಮುಂದೆಯೇ ಗುಂಪು ಕಟ್ಟಿದರು. ಚಿಕ್ಕಮ್ಮನಷ್ಟು ಕೆಟ್ಟ ಗಿರಾಕಿ ಅವರಲ್ಲಿ ಒಬ್ಬರೂ ಇರಲಿಲ್ಲ. ಸಂಜೆಗೆ ಬುಟ್ಟಿಗಳು ಖಾಲಿ. ಮಾಗಡಿ ಕಡೆಯಿಂದ ಬರುತ್ತಿದ್ದ ಪಕ್ಕದ ಸೊಪ್ಪಿನವನು ಅಪ್ಪನನ್ನು ಕೆಣಕುತ್ತಿದ್ದ.

"ಏನ್ಲಾ, ಮಗಳಿಗೆ ಏನ್ ಮದ್ದಾಕಿದ್ದೀಯೋ? ಒಸಿ ನನ್ ಮಗೀಗೂ ಕೊಡು."

ಅಪ್ಪ ಮೀಸೆ ತಿರುವಲಿಲ್ಲ ಅಷ್ಟೇ. ನನಗೆ ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳು. ಆ ಹೆಮ್ಮೆಯಲ್ಲಿ ನನ್ನ ಕಣ್ಣಿಗೆ ಕಾಣದೆ ಹೋದದ್ದು ಇಷ್ಟು: ನನ್ನ ನಾಲಿಗೆ ಹೊರಳಿದಷ್ಟೂ ಅವರು ನನ್ನನ್ನು ಆ ಗೋಣಿಯ ಮೇಲೆ ಗಟ್ಟಿಯಾಗಿ ಕೂರಿಸುತ್ತಿದ್ದರು. ಭಾನುವಾರದ ಜೊತೆಗೆ ವಾರದ ನಡುವೆ ಇನ್ನೊಂದು ಸಂಜೆ ಸೇರಿತು. ಪರೀಕ್ಷೆಯ ಹಿಂದಿನ ದಿನವೂ ನಾನು ಸಂತೆಯಲ್ಲಿದ್ದೆ. ಹತ್ತನೆಯ ತರಗತಿಯಲ್ಲಿ ಇಡೀ ಶಾಲೆಗೆ ಮೊದಲು ಬಂದೆ. ಫಲಿತಾಂಶ ತಿಳಿದ ಮೇಲೆ ಮೇಷ್ಟರೇ ಮನೆಗೆ ಬಂದು ರಾಮನಗರದ ಕಾಲೇಜಿಗೆ ಸೇರಿಸಿ ಎಂದು ಹೇಳಿ ಹೋದರು. ಅವರು ಕೆರೆ ಏರಿ ದಾಟುವವರೆಗೂ ಸುಮ್ಮನಿದ್ದ ಅಪ್ಪ ಆಮೇಲೆ ಬಾಯಿ ಬಿಟ್ಟ.

"ಬೆಂಗಾಲಿ ಬತ್ತದಲ್ಲ, ಇನ್ನೆಂತಾ ಓದು? ಸಂತೆ ನಾಕ್ ದಿನಕ್ಕೆ ಏರ್ಸನ ಅಂತಿವ್ನಿ."

"ಅವ್ವ, ನೀನಾದ್ರೂ ಏಳು," ಎಂದು ನಾನು ಅವ್ವನ ಕಡೆ ತಿರುಗಿದೆ.

ಅವ್ವ ರಾಗಿ ಕೇರುತ್ತಿದ್ದಳು. "ನಾನೂ ಓದಿಲ್ಲ. ಸತ್ತೋದ್ನಾ?" ಎಂದಳು.

ಸಂತೆಗೆ ಚಿಕ್ಕಮ್ಮನನ್ನೇ ಕಳಿಸಿರಿ, ನಾನು ಕಾಲೇಜಿಗೆ ಹೋಗುತ್ತೇನೆ ಎಂದು ಹೇಳಿದೆ. ಅಜ್ಜಿ ಆ ಮಾತಿಗೆ ಉತ್ತರ ಕೊಡುವ ಗೋಜಿಗೂ ಹೋಗಲಿಲ್ಲ. ಕಾಲೇಜಿಗೆ ಸೇರುವ ಕೊನೆಯ ದಿನಕ್ಕೆ ಇನ್ನು ಎರಡು ವಾರ ಇತ್ತು. ಆ ಭಾನುವಾರ ಎಂದಿನಂತೆ ಟೆಂಪೋ ಹತ್ತಿದೆ, ಎಂದಿನಂತೆ ಗೋಣಿ ಹಾಸಿ ಸೊಪ್ಪು ಜೋಡಿಸಿದೆ. ಮೊದಲ ಹೆಂಗಸು ಬಂದು ಏಟಾ ಕತೊ ಕೊರೆ ಎಂದಳು. ನಾನು ಅಚ್ಚ ಕನ್ನಡದಲ್ಲಿ, ನನಗೆ ಗೊತ್ತಾಗ್ತಿಲ್ಲ ಎಂದೆ. ಅವಳು ನಕ್ಕಳು, ತಮಾಷೆ ಎಂದುಕೊಂಡಳು, ಮತ್ತೆ ಕೇಳಿದಳು. ನಾನು ಮತ್ತೆ ಅದನ್ನೇ ಹೇಳಿದೆ. ಅವಳು ಮಾಗಡಿಯವನ ಹತ್ತಿರ ಹೋದಳು. ಎರಡನೆಯವಳೂ ಹೋದಳು. ಅಪ್ಪ ಹತ್ತಿರ ಬಂದ.

"ಲೇ, ಮಾತಾಡೆ."

"ಮಾತಾಡ್ತಾ ಇವ್ನಲ್ಲ. ಕನ್ನಡ."

ಅಷ್ಟು ಜನರ ಮುಂದೆ ಕೆನ್ನೆಗೆ ಹೊಡೆದ. ಕಿವಿಯಲ್ಲಿ ಗುಂಯ್ ಎಂದಿತು. ಮಾಗಡಿಯವನು ಮುಖ ತಿರುಗಿಸಿಕೊಂಡ. ನಾನು ಬಾಯಿ ಬಿಡಲಿಲ್ಲ. ಸೊಪ್ಪು ಬಾಡಿ, ಕಪ್ಪಾಗಿ, ಹೋದಂತೆಯೇ ವಾಪಸ್ ಬಂತು. ಅಜ್ಜಿ ಅದನ್ನು ಹಸುಗಳ ಮುಂದೆ ಸುರಿದಳು. ವಾರದ ನಡುವಿನ ಸಂತೆಯಲ್ಲೂ ಅದೇ ಆಯಿತು, ಅವತ್ತು ಅಪ್ಪ ಹೊಡೆಯಲಿಲ್ಲ ಅಷ್ಟೇ. ಮನೆಗೆ ಬಂದ ಮೇಲೆ ಅಜ್ಜಿ ಎಲ್ಲರನ್ನೂ ನಡುಮನೆಗೆ ಕರೆದಳು. ಗಂಡಸರು ಚಾಪೆಯ ಮೇಲೆ, ಅವ್ವ ಕಂಬಕ್ಕೆ ಒರಗಿ, ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು.

"ಅವಳ್ನೇ ಕಳುಸ್ರಿ ಅಂತಾಳೆ ಈ ಕಲೆಟ್ರಮ್ಮ," ಎಂದು ಅಜ್ಜಿ ಶುರು ಮಾಡಿದಳು. "ಸಂತೆಯಿಂದ ಟೇಸನ್ ಎಷ್ಟ್ ದೂರ ಐತೆ? ಕೂಗುದ್ರೆ ಕೇಳುಸ್ತದೆ. ಅವ್ಳು ರೈಲ್ ಅತ್ಕಂಡ್ ಒಂಟೋದ್ರೆ ಯಾವನ್ ಇಡ್ಕಂಡ್ ಬತ್ತೀರಿ?"

ಚಿಕ್ಕಪ್ಪ ನೆಲ ನೋಡುತ್ತಿದ್ದ. ಅಪ್ಪ ಕೆಮ್ಮಿ, "ಸೊಪ್ಪು ತಿಪ್ಪೆಗ್ ಬೀಳ್ತಾ ಐತಲ್ಲವ್ವ," ಎಂದ.

ಅಜ್ಜಿ ಒಂದು ಎಲೆ ತೆಗೆದು ತೊಟ್ಟು ಮುರಿದಳು. "ಓಗ್ಲಿ. ಮಗ ಇಲ್ಲಿರ್ಲಿ. ಮಗ ಇಲ್ಲಿದ್ರೆ ಎಲ್ಲಿಗೋದಾಳು."

ಮಗುವಿಗೆ ಎರಡು ವರ್ಷವಾಗುತ್ತ ಬಂದಿತ್ತು, ಹಾಲು ಬಿಡಿಸಿಯಾಗಿತ್ತು, ಅರ್ಧ ದಿನ ಅವ್ವ ನೋಡಿಕೊಳ್ಳಬಹುದಿತ್ತು. ಕಾಲೇಜಿನ ಬಾಗಿಲು ತೆರೆಯಿತು ಎಂದುಕೊಂಡೆ. ಆಗ ಅಡುಗೆಮನೆಯ ಬಾಗಿಲಿಂದ ಅಜ್ಜಿಯ ದನಿಯಲ್ಲೇ ಇನ್ನೊಬ್ಬರು ಮಾತಾಡಿದರು.

"ಮಗ ನನ್ ಜೊತೇಲಿ ಬತ್ತಾನೆ. ಇಲ್ಲ ಅಂದ್ರೆ ನಾನೂ ಓಗಲ್ಲ. ನಿಮ್ ಸೊಪ್ಪು ನೀವೇ ಮಾರ್ಕಳಿ."

ಅವತ್ತು ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನಾನು ಚಿಕ್ಕಮ್ಮನನ್ನು ದ್ವೇಷಿಸಿದೆ. ಒಂದು ಹೂಂ ಎಂದಿದ್ದರೆ ನನ್ನ ಬದುಕು ದಾರಿಗೆ ಬೀಳುತ್ತಿತ್ತು. ಅಜ್ಜಿ, ನೋಡಿದಿರಾ, ಓಡಿಹೋಗುವ ಯೋಚನೆ ಇರುವುದಕ್ಕೇ ಮಗು ಬೇಕು ಎನ್ನುತ್ತಾಳೆ ಎಂದು ಎಲೆ ಅಡಿಕೆ ಚೀಲ ಕಟ್ಟತೊಡಗಿದಳು. ಚೀಲ ಕಟ್ಟಿದಳೆಂದರೆ ಪಂಚಾಯ್ತಿ ಮುಗಿಯಿತು ಎಂದರ್ಥ. ಏನು ಮಾಡುತ್ತಿದ್ದೇನೆ ಎಂದು ಪೂರ್ತಿ ಯೋಚಿಸುವ ಮೊದಲೇ ನಾನು ಎದ್ದು ನಿಂತಿದ್ದೆ.

"ಮಗೂನೂ ಕಳುಸ್ರಿ. ನಾನು ಜಾಮೀನು."

"ನೀನ್ ಯಾವ್ ದೊಡ್ ಮನ್ಸಳೇ ಜಾಮೀನ್ ನಿಲ್ಲಾಕೆ?"

"ಅವ್ಳು ವಾಪಸ್ ಬರ್ಲಿಲ್ಲ ಅಂದ್ರೆ ನಾನು ಕಾಲೇಜ್ ಬುಡ್ತೀನಿ. ದಿನಾ ಸಂತೇಲಿ ಕೂತ್ಕತೀನಿ. ನೀವು ತೋರ್ಸಿದೋನಿಗೆ ಕುತ್ಗೆ ಕೊಡ್ತೀನಿ. ಯಾಕೆ ಅಂತ ಒಂದ್ ಮಾತ್ ಕೇಳಲ್ಲ."

ನಮ್ಮ ಕಡೆ ಜಾಮೀನು ಎಂದರೆ ಆಟದ ಮಾತಲ್ಲ. ಹಸು ಮಾರುವಾಗ, ಭಾಗ ಮಾಡುವಾಗ, ಜಗಳ ಬಿಡಿಸುವಾಗ ಒಬ್ಬ ಗಂಡಸು ಎದ್ದು ನಾನು ಜಾಮೀನು ಎಂದರೆ ಆಮೇಲೆ ಅವನ ಮಾತು ಹೋದರೆ ಅವನ ಮನೆ ಹೋದಂತೆ. ಹೆಣ್ಣು ಜಾಮೀನು ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಅಜ್ಜಿ ಚೀಲವನ್ನು ಮತ್ತೆ ಬಿಚ್ಚಿದಳು. ಆಮೇಲೆ ದೇವರ ಗೂಡಿನಲ್ಲಿ ದೀಪ ಹಚ್ಚಿಸಿ, ಆಡಿದ ಮಾತನ್ನು ದೀಪದ ಮುಂದೆ ಇನ್ನೊಮ್ಮೆ ಆಡಿಸಿದಳು. ಎಲ್ಲ ಕೇಳಿಸಿಕೊಂಡ ಅವ್ವ ಎದ್ದು ಹೋ‌ಗುವಾಗ ನನ್ನ ಪಕ್ಕದಲ್ಲಿ ನಿಂತು, "ಅವ್ಳು ಬರ್ದೇ ಓದ್ರೆ ನಾನ್ ನಿನ್ ಪರ ನಿಂತ್ಕಳಲ್ಲ, ಈಗ್ಲೇ ಏಳ್ಬುಟ್ಟಿವ್ನಿ," ಎಂದಳು. ಚಿಕ್ಕಮ್ಮ ಮಗುವಿನೊಡನೆ ಅಡುಗೆಮನೆಯೊಳಗೆ ಹೋದಳು. ನನ್ನ ಮುಖವನ್ನೂ ನೋಡಲಿಲ್ಲ.

ಭಾನುವಾರ ಹೊರಡುವ ಹೊತ್ತಿಗೆ ಅವಳು ನಡುಮನೆಗೆ ಬಂದು ನಿಂತು, ಚಪ್ಪಲಿ ಎಂದಳು. ಅಜ್ಜಿ ಪೆಟ್ಟಿಗೆ ತೆಗೆದಳು. ಅಷ್ಟು ಕಾಲ ಮುಚ್ಚಿಟ್ಟಿದ್ದ ರಬ್ಬರು ಒಣಗಿ ಚೂರು ಚೂರಾಗಿ ಅಜ್ಜಿಯ ಒಳ್ಳೆಯ ಸೀರೆಗೆ ಅಂಟಿಕೊಂಡಿತ್ತು. ಚಿಕ್ಕಮ್ಮ ಅದನ್ನು ನೋಡಿ, ಮಗುವನ್ನು ಎತ್ತಿಕೊಂಡು, ಬರಿಗಾಲಲ್ಲೇ ಹೋಗಿ ಟೆಂಪೋ ಹತ್ತಿದಳು. ಚಿಕ್ಕಪ್ಪ, ಅಪ್ಪ ಜೊತೆಗೆ ಹೋದರು. ನಾನು ಜಗುಲಿಯಲ್ಲಿ ಕೂತೆ. ನನ್ನ ಎದುರಿಗೆ ಅಜ್ಜಿಯೂ ಕೂತಳು. ಮಧ್ಯಾಹ್ನ ಹೋಯಿತು. ಹುಳಕ್ಕೆ ಸೊಪ್ಪು ಹಾಕಿ ಬಂದೆ. ದನ ಮನೆಗೆ ಬಂದವು. ಟೆಂಪೋ ಬರುವ ಹೊತ್ತಾಯಿತು, ಬರಲಿಲ್ಲ. ಅಜ್ಜಿ ಗೋಡೆಗೆ ಒರಗಿ, ಯಾರಿಗೋ ಸಂಬಂಧ ಹೇಳುವವಳಂತೆ ನಿಧಾನವಾಗಿ ಮಾತಾಡುತ್ತಿದ್ದಳು.

"ಚನ್ನಪಟ್ಟಣದ್ ತಾವ ಒಂದ್ ಗಂಡೈತೆ. ತೋಟ ಐತೆ. ಒಸಿ ಕಾಲೆಳೀತಾನಂತೆ, ಅದೇನ್ ಕಾಣಾಕಿಲ್ಲ. ನಾಳೀಕೆ ಏಳಿ ಕಳುಸ್ತೀನಿ."

ಮುಚ್ಚಂಜೆಗೆ ಏರಿಯ ಮೇಲೆ ಟೆಂಪೋದ ಸದ್ದು ಕೇಳಿತು. ಬಂದು ನಿಂತಾಗ ಮುಂದಿನ ಸೀಟಿನಲ್ಲಿ ಅಪ್ಪ, ಚಿಕ್ಕಪ್ಪ, ಡ್ರೈವರು ಮೂವರೇ. ಅಜ್ಜಿ ಎದ್ದೇ ನಿಂತಳು. ಚಿಕ್ಕಪ್ಪ ಇಳಿದು ಹಿಂದೆ ಹೋಗಿ ಹಲಗೆ ತೆಗೆದ. ಖಾಲಿ ಚೀಲಗಳ ಮೇಲಿಂದ ಅವಳು ಎದ್ದಳು, ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ದಾರಿಯಲ್ಲಿ ಟೈರು ಪಂಕ್ಚರಾಗಿತ್ತಂತೆ. ಬುಟ್ಟಿಗಳು ಒಂದರೊಳಗೊಂದು ಖಾಲಿಯಾಗಿದ್ದವು. ಅವಳು ಅಜ್ಜಿಯನ್ನೂ ನನ್ನನ್ನೂ ದಾಟಿಕೊಂಡು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ತೊಟ್ಟಿಯ ಹತ್ತಿರ ಮಗುವಿನ ಕಾಲು ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ನಮ್ಮೂರ್ ಪಕ್ಕದೋಳು ಸಿಕ್ಕಿದ್ಲು. ನಾಳೆ ಗಂಡನ್ ಜೊತೆ ಊರಿಗ್ ಓಯ್ತಾಳೆ. ಬಾ ಅಂದ್ಲು. ಮಗೀಗ್ ಟಿಕೀಟೂ ಬ್ಯಾಡ ಅಂದ್ಲು."

ಮಗುವಿನ ಇನ್ನೊಂದು ಕಾಲಿಗೆ ನೀರು ಹಾಕಿದಳು.

"ಬ್ಯಾರೆ ಯಾರ್ ಮೊಕಾನೂ ಬರ್ಲಿಲ್ಲ ಕಣ್ಮುಂದೆ. ನಿಂದೇ ಬಂತು. ನಿನ್ ಕಾಲೇಜಿಗೆ ಬೆಂಕಿ ಬೀಳ. ಯಾರ್ ಕೇಳುದ್ರು ನಿನ್ನ ಜಾಮೀನ್ ನಿಂತ್ಕ ಅಂತ? ನನ್ ಕೇಳುದ್ಯಾ?"

ಕೇಳಿರಲಿಲ್ಲ. ಕೇಳಿದ್ದರೆ ಅವಳು ಬೇಡ ಎನ್ನುತ್ತಿದ್ದಳು, ನಾನು ಆ ಗೋಣಿಯ ಮೇಲೇ ಮುದುಕಿಯಾಗುತ್ತಿದ್ದೆ. ಧನ್ಯವಾದ ಎನ್ನುವ ಮಾತು ನಮ್ಮ ಮನೆಯ ಕನ್ನಡದಲ್ಲಿ ಇರಲಿಲ್ಲ, ಅವಳು ನನಗೆ ಕಲಿಸಿದ ಬೆಂಗಾಲಿಯಲ್ಲೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ರಾಮನಗರಕ್ಕೆ ಹೋಗಿ ಕಾಲೇಜಿಗೆ ಸೇರಿದೆ. ಹೊರಡುವಾಗ ಅಜ್ಜಿ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

"ಒಂದಿನ ಬಂದ್ಲು ಅಂತ ಎಗರಾಡ್ಬ್ಯಾಡ. ಮುಂದ್ಲ ಬಾನುವಾರ ಇಲ್ವ?"

ಇತ್ತು. ಅದರ ಮುಂದಿನದ್ದೂ ಇತ್ತು. ಜಾಮೀನಿಗೆ ಕೊನೆಯ ದಿನ ಎಂದು ನಾವು ಯಾರೂ ಹೇಳಿರಲಿಲ್ಲ. ಪಿಯುಸಿ ಮುಗಿಸಿ ಬಿ.ಕಾಂ. ಮುಗಿಸುವವರೆಗೆ ಪ್ರತಿ ಭಾನುವಾರ ಸಂಜೆ ನಾನು ಜಗುಲಿಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ, ಕಿವಿ ಏರಿಯ ಕಡೆಗೇ ಇರುತ್ತಿತ್ತು. ಟೆಂಪೋ ಬಂದು ಅವಳು ಇಳಿದ ಮೇಲೆ ಓದು ಶುರುವಾಗುತ್ತಿತ್ತು. ಈ ನಡುವೆ ನಾವಿಬ್ಬರೂ ಹತ್ತಿರವಾದೆವು ಎಂದು ಯಾರೂ ತಿಳಿಯಬಾರದು. ಇಳಿದಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ. ನಾನು ಅಲ್ಲಿ ಕೂತಿರುತ್ತೇನೆ ಎಂಬುದೇ ಅವಳಿಗೆ ಉರಿ ಬರಿಸುತ್ತಿತ್ತು. ಒಮ್ಮೆ ಬಾಡಿದ ಸೊಪ್ಪಿನ ಕಟ್ಟನ್ನು ನನ್ನ ಪುಸ್ತಕದ ಮೇಲೆ ಎಸೆದು ಹೋದದ್ದೂ ಉಂಟು. ಇಷ್ಟರಲ್ಲಿ ಸಂತೆಯ ಜಾಗ ಪೂರ್ತಿ ಅವಳದಾಗಿತ್ತು. ಏನು ಬಿತ್ತಬೇಕು, ಎಷ್ಟು ಕೀಳಬೇಕು ಎಂದು ಅಪ್ಪ ಅವಳನ್ನು ಕೇಳುತ್ತಿದ್ದ. ನೇರವಾಗಿ ಕೇಳದೆ ಅವ್ವನ ಮೂಲಕ ಕೇಳಿಸುತ್ತಿದ್ದ. ಅಜ್ಜಿ ಮಾತ್ರ ಕೊನೆಯವರೆಗೂ ಅವಳನ್ನು ಅವಳು ಎಂದೇ ಕರೆದಳು.

ನನ್ನ ಕೊನೆಯ ಪರೀಕ್ಷೆ ಒಂದು ಶುಕ್ರವಾರ ಮುಗಿಯಿತು. ಆ ಭಾನುವಾರ ನಾನು ಬೇಕೆಂದೇ ಜಗುಲಿಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತೆ. ಕತ್ತಲಾಗುವ ಹೊತ್ತಿಗೆ ಟೆಂಪೋದ ಸದ್ದು ಬಂತು, ನಾನು ಏಳಲಿಲ್ಲ. ಹಿತ್ತಲ ಬಾಗಿಲಿಂದ ಚಿಕ್ಕಮ್ಮ ಒಳಗೆ ಬಂದು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಅವಳ ಹಿಂದೆ ಶಾಲೆಗೆ ಹೋಗುವಷ್ಟು ದೊಡ್ಡವನಾದ ಅವಳ ಮಗ ನಿಂತಿದ್ದ.

"ಇವತ್ ಕಾಯ್ಲಿಲ್ಲ?"

"ಪರೀಕ್ಷೆ ಮುಗೀತು," ಎಂದೆ.

"ಗೊತ್ತು. ನಾನೂ ಎಣುಸ್ತಿದ್ದೆ."

ಅವಳು ಲೋಟಕ್ಕೆ ನೀರು ಬಗ್ಗಿಸಿಕೊಂಡು, ನಿಂತೇ ಪೂರ್ತಿ ಕುಡಿದಳು. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಹಾಗೆ ಕೇಳುವ ಹಕ್ಕು ನನ್ನ ಜಾಮೀನಿನ ಜೊತೆ ಶುಕ್ರವಾರಕ್ಕೇ ಮುಗಿದಿತ್ತು.